ಮೂರು ವರ್ಷ ತುಂಬುವ ಮುನ್ನ



ನಾನು ಡಾಕ್ಟರ್ ಅಲ್ಲ, ಥೆರಪಿಸ್ಟೂ ಅಲ್ಲ. ಎಡಿಸನ್‌ನಲ್ಲಿ ಮನೆ, ಮ್ಯಾನ್‌ಹಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮುಖ್ಯ ಭಾಷಣ ಮಾಡಿ ಎಂದು ಸಂಘಟಕರು ಕೇಳಿದಾಗ ಹಿಂಜರಿದೆ. ಆದರೆ ಈ ಸಭೆಯಲ್ಲಿ ಪುಟ್ಟ ಮಕ್ಕಳಿರುವ ಮನೆಗಳು ಬಹಳ ಇವೆ, ಅದಕ್ಕೇ ಒಪ್ಪಿದೆ.

ನನ್ನ ಮಗನಿಗೆ ಎರಡು ತುಂಬಿದರೂ ಮಾತು ಬಂದಿರಲಿಲ್ಲ. ಹೆಸರಿಟ್ಟು ಕರೆದರೆ ತಿರುಗುತ್ತಿರಲಿಲ್ಲ. "ಗಂಡು ಹುಡುಗರಿಗೆ ಮಾತು ತಡ ಕಣೋ, ನೀನೂ ಹಾಗೇ ಇದ್ದೆ" ಎಂದು ಊರಿಂದ ಸಮಾಧಾನ. ಇಲ್ಲಿ ಪರಿಚಯದವರೊಬ್ಬರು, ಎರಡು ಭಾಷೆ ಕೇಳಿ ಮಗು ಗೊಂದಲಪಡುತ್ತಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂದರು. ನಿಲ್ಲಿಸಿದೆವು. ಅದೇ ಹೊತ್ತಿಗೆ ಅರಸೀಕೆರೆಯಿಂದ ಅಮ್ಮ ಆರು ತಿಂಗಳಿಗೆಂದು ಬಂದರು. ಅವರಿಗೆ ಇಂಗ್ಲಿಷ್ ಬಾರದು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಲ್ಕು ತಿಂಗಳು ಬಾಯಿ ಮುಚ್ಚಿ ಕೂತರು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆ.

ಕೊನೆಗೆ ನನ್ನ ಹೆಂಡತಿಯೇ ಅರ್ಲಿ ಇಂಟರ್‌ವೆನ್ಷನ್‌ಗೆ ಫೋನ್ ಮಾಡಿದಳು. 1986ರಲ್ಲಿ ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನಿನಿಂದ ಬಂದ ವ್ಯವಸ್ಥೆ ಇದು. ಹುಟ್ಟಿದಾಗಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ. ಡಾಕ್ಟರ ಚೀಟಿ ಬೇಕಿಲ್ಲ, ತಂದೆ ತಾಯಿ ನೇರವಾಗಿ ಕೇಳಬಹುದು. ಎಚ್-1 ಇರಲಿ, ಎಚ್-4 ಇರಲಿ, ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಪರೀಕ್ಷೆಗೆ ಹಣವಿಲ್ಲ. ಆಮೇಲಿನ ಸೇವೆಗೆ ನ್ಯೂಯಾರ್ಕ್‌ನಲ್ಲಿ ಕೈಯಿಂದ ಏನೂ ಕೊಡಬೇಕಿಲ್ಲ. ನ್ಯೂಜೆರ್ಸಿಯಲ್ಲಿ ಆದಾಯ ನೋಡಿ ಒಂದು ಪಾಲು ಕೇಳುತ್ತಾರೆ. ಕೇಳಿದ ದಿನದಿಂದ 45 ದಿನದೊಳಗೆ ಪರೀಕ್ಷೆ ಮಾಡಿ, ಮನೆಯವರ ಜೊತೆ ಕೂತು ಯೋಜನೆ ಬರೆಯಬೇಕು. ಮೂರನೇ ಹುಟ್ಟುಹಬ್ಬಕ್ಕೆ 45 ದಿನವೂ ಉಳಿದಿಲ್ಲವಾದರೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ಆಗ ಶಾಲಾ ಡಿಸ್ಟ್ರಿಕ್ಟ್‌ಗೆ ಹೋಗಬೇಕು. ನಾವು ಎಷ್ಟು ತಡ ಮಾಡಿದ್ದೆವೆಂದರೆ, ಥೆರಪಿಸ್ಟ್ ಮನೆಗೆ ಬರತೊಡಗಿದಾಗ ನಮಗೆ ಉಳಿದದ್ದು ಮೂರು ತಿಂಗಳು ಚಿಲ್ಲರೆ.

ಆಕೆ ಬಂದ ಮೊದಲ ದಿನ ಕೇಳಿದ ಪ್ರಶ್ನೆ: "ಅಜ್ಜಿ ಯಾಕೆ ಮಾತಾಡುವುದಿಲ್ಲ?" ಹೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ಎರಡು ಭಾಷೆಯಿಂದ ಯಾವ ಮಗುವಿಗೂ ಮಾತು ತಡವಾಗುವುದಿಲ್ಲ, ಆಟಿಸಂ ಇದ್ದರೂ ಅಷ್ಟೇ, ನಿಮಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ ಅಂದರು. ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅಮ್ಮ "ನಾನು ಮೊದಲೇ ಅಂದ್ಕೊಂಡೆ" ಅಂದರಷ್ಟೆ.

ಅವತ್ತು ಸಂಜೆಯೇ ಕಾಗಕ್ಕ ಗುಬ್ಬಕ್ಕನ ಕಥೆ ಶುರುವಾಯಿತು. ಥೆರಪಿಸ್ಟ್ ಕಲಿಸಿದ್ದು ಸಣ್ಣ ಉಪಾಯ: ಕಾಗೆ ಬಾಗಿಲು ತಟ್ಟುವ ಜಾಗ ಬಂದಾಗ ನಿಲ್ಲಿಸಿ, ಮನಸ್ಸಿನಲ್ಲೇ ಐದು ಎಣಿಸಿ, ಅವನ ಮುಖ ನೋಡಿ. ಅಮ್ಮ ವಾಪಸು ಹೊರಡಲು ಎರಡು ವಾರವಿತ್ತು. ಹನ್ನೊಂದನೇ ದಿನ ಅವನು "ಬಾಗ್ಲು" ಅಂದ. ಪವಾಡವೇನಲ್ಲ, ಮುಂದಿನ ಮಾತಿಗೆ ಮತ್ತೆ ಒಂದೂವರೆ ತಿಂಗಳು ಕಾದೆವು. ಇವತ್ತಿಗೂ ಅವನಿಗೆ ಶಾಲೆಯಲ್ಲಿ ಸಹಾಯ ಬೇಕು.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಆ ವರ್ಷ ನಾವು ಯುಗಾದಿ, ದೀಪಾವಳಿ ಎರಡಕ್ಕೂ ಬರಲಿಲ್ಲ. ಮೈಕಿನ ಸದ್ದಿಗೆ ಅವನು ಕಿವಿ ಮುಚ್ಚಿ ಅಳುತ್ತಿದ್ದ. ಜನ ತಿರುಗಿ ನೋಡುತ್ತಿದ್ದರು. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಹಾಗೆ ಕಾಣೆಯಾದ ಮನೆಗಳು ನಿಮ್ಮ ಕೂಟದ ಪಟ್ಟಿಯಲ್ಲೂ ಇರುತ್ತವೆ. ಅವರಿಗೆ ಫೋನ್ ಮಾಡಿ. ಹಬ್ಬಕ್ಕೆ ಹಾಲ್ ಹಿಡಿಯುವಾಗ ಸದ್ದಿಲ್ಲದ ಒಂದು ಕೋಣೆಯನ್ನೂ ಕೇಳಿ. ಕಾರು ಓಡಿಸಲು ಬಾರದ ತಾಯಿ ಶಾಲೆಯ ಮೀಟಿಂಗಿಗೆ ಹೋಗಬೇಕಾದರೆ ಜೊತೆಗೆ ಹೋಗಿ ಕೂತುಕೊಳ್ಳಿ.

ಊಟದ ಹೊತ್ತಿನಲ್ಲಿ ನಾನೂ ನನ್ನ ಹೆಂಡತಿಯೂ ನೋಂದಣಿ ಮೇಜಿನ ಪಕ್ಕದಲ್ಲಿರುತ್ತೇವೆ. ನಿಮಗೆ ಅನುಮಾನವಿದ್ದರೆ ಬನ್ನಿ, ಮಗುವಿನ ಹುಟ್ಟಿದ ತಾರೀಕು ಹೇಳಿ. ಎಷ್ಟು ದಿನ ಉಳಿದಿದೆ ಎಂದು ಮೊದಲು ಲೆಕ್ಕ ಹಾಕೋಣ.