ವೆಬ್ ವಿಳಾಸದ ಹೆಸರು ಯಾರ ಸ್ವತ್ತು?



ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್‌ನಲ್ಲಿ. ಮೊದಲು ಕೇಳಿದವರಿಗೆ ಹೆಸರು ಎಂಬುದೇ ಆಗಿನ ಪದ್ಧತಿ. ಅಂತರ್ಜಾಲಕ್ಕೆ ವ್ಯಾಪಾರ ಕಾಲಿಟ್ಟ ಮೇಲೆ, ಹೆಸರಾಂತ ಕಂಪನಿಗಳ ಹೆಸರನ್ನು ಮೊದಲೇ ಹಿಡಿದಿಟ್ಟುಕೊಂಡು ಅವರಿಗೇ ಮಾರುವವರು ಹುಟ್ಟಿಕೊಂಡರು. ಅದನ್ನು ತಡೆಯಲು 1999ರಲ್ಲಿ, ವೆಬ್ ವಿಳಾಸದ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ವ್ಯಾಜ್ಯ ಇತ್ಯರ್ಥದ ನೀತಿ ರೂಪಿಸಿತು. ಅಮೆರಿಕ ಅದೇ ವರ್ಷ ಕಾಯ್ದೆಯನ್ನೂ ಮಾಡಿತು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ. 'ಸಿಫಿ' ಹೆಸರಿನ ಸತ್ಯಂ ಇನ್ಫೋವೇ, 'ಸಿಫಿನೆಟ್' ಎಂಬ ಇನ್ನೊಂದು ಕಂಪನಿಯ ಮೇಲೆ ದಾವೆ ಹೂಡಿದ್ದು ಇಲ್ಲಿನ ಸಿವಿಲ್ ನ್ಯಾಯಾಲಯದಲ್ಲಿ. ಅಲ್ಲಿ ಸಿಕ್ಕ ತಡೆಯಾಜ್ಞೆ ಹೈಕೋರ್ಟ್‌ನಲ್ಲಿ ನಿಲ್ಲಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ನಿಂತು, ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಉಂಟು ಎಂದಿತು. ವ್ಯಾಪಾರಿಯೊಬ್ಬ ಇನ್ನೊಬ್ಬನ ಹೆಸರಲ್ಲಿ ಗಿರಾಕಿಯನ್ನು ಸೆಳೆಯಬಾರದು. ಇದರಲ್ಲಿ ನನಗೆ ತಕರಾರಿಲ್ಲ.

ಆದರೆ ಹೆಸರನ್ನು ಬಳಸಿದವನು ವ್ಯಾಪಾರಿಯಲ್ಲ, ಟೀಕಾಕಾರ ಎಂದಾದರೆ?

ಪ್ರಾಣಿದಯಾ ಸಂಘಟನೆ 'ಪೆಟಾ'ದ ಹೆಸರನ್ನು 1995ರಲ್ಲಿ ಬೇರೊಬ್ಬರು ನೋಂದಾಯಿಸಿಕೊಂಡು, ಅದೇ ಅಕ್ಷರಗಳಿಗೆ 'ರುಚಿಯಾದ ಪ್ರಾಣಿಗಳನ್ನು ತಿನ್ನುವವರು' ಎಂಬ ವಿಸ್ತರಣೆ ಕೊಟ್ಟು ಅಣಕದ ತಾಣ ತೆರೆದರು. ವಿಳಾಸ ಟೈಪ್ ಮಾಡುವವರಿಗೆ ಹೆಸರಷ್ಟೇ ಕಾಣುತ್ತದೆ, ಅಣಕ ತಿಳಿಯುವುದು ಒಳಗೆ ಹೋದ ಮೇಲೆ ಎಂದು ಅಮೆರಿಕದ ನಾಲ್ಕನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಅವರ ವಿರುದ್ಧ ತೀರ್ಪಿತ್ತಿತು. ಅಂಗಡಿಯ ಬೋರ್ಡನ್ನಷ್ಟೇ ಓದಿ ಒಳಗಿನ ಸರಕಿಗೆ ಬೆಲೆ ಕಟ್ಟಿದಂತಾಯಿತು ಇದು.

ನಾಲ್ಕೇ ವರ್ಷಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಪಾದ್ರಿ ಜೆರ್ರಿ ಫಾಲ್ವೆಲ್ ಬಂದರು. ಅವರ ಹೆಸರಿಗೆ 'ಎಲ್' ಅಕ್ಷರವೊಂದನ್ನು ಹೆಚ್ಚು ಸೇರಿಸಿದ ವಿಳಾಸದಲ್ಲಿ, ಸಲಿಂಗಿಗಳ ಕುರಿತ ಅವರ ಮಾತುಗಳನ್ನು ಖಂಡಿಸುವ ತಾಣವಿತ್ತು. ಇದು ಫಾಲ್ವೆಲ್ ಅವರದಲ್ಲ ಎಂಬ ಸೂಚನೆಯೂ ಅದರಲ್ಲಿತ್ತು, ಅವರ ಸ್ವಂತ ತಾಣದ ಕೊಂಡಿಯೂ ಇತ್ತು. ತಾಣವನ್ನು ನೋಡಿದ ಯಾರೂ ಮೋಸಹೋಗಲಾರರು ಎಂದು ನ್ಯಾಯಾಲಯ 2005ರಲ್ಲಿ ಟೀಕಾಕಾರರ ಪರ ನಿಂತಿತು.

ನನ್ನ ಮಟ್ಟಿಗೆ ನ್ಯಾಯ ಈ ಎರಡನೆಯದರಲ್ಲೇ ಇದೆ. ಯಾರನ್ನು ಟೀಕಿಸುತ್ತೇವೋ ಅವರ ಹೆಸರನ್ನೇ ಹೇಳಬಾರದೆಂದರೆ ಟೀಕೆ ಯಾರ ಕಿವಿಗೆ ಬಿದ್ದೀತು? ಲಾಭಕ್ಕಲ್ಲದ ನ್ಯಾಯವಾದ ಬಳಕೆಯನ್ನು ಐಕ್ಯಾನ್ ನೀತಿಯೂ ಮಾನ್ಯ ಮಾಡುತ್ತದೆ. ಟೀಕೆಯ ತಾಣ ನಡೆಸುವ ನಿಮಗೆ ಆ ನೀತಿಯಡಿ ದೂರು ಬಂದರೆ ಹೆದರಿ ಹೆಸರು ಬಿಟ್ಟುಕೊಡಬೇಡಿ. ವಕೀಲರನ್ನು ಕಾಣಿ, ಉತ್ತರ ಸಲ್ಲಿಸಲು ಇರುವುದು 20 ದಿನ.