ಅಣೆಕಟ್ಟಿಗೂ ವಯಸ್ಸಾಗುತ್ತದೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನೀರಿನ ಮಾತು ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದಾಗ ಈ ದೇಶಕ್ಕೆ ಕೇಳಿದ ಪ್ರಶ್ನೆ ಒಂದೇ: ಈ ನೀರು ಯಾರದು? ಅದೇ ಪ್ರಶ್ನೆಯನ್ನು ತಮ್ಮ ಹೊಳೆಯ ದಂಡೆಯಲ್ಲಿ ನಿಂತು ಕೇಳಿ, ಗೆದ್ದು ಬಂದ ಜನರ ಕತೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ. ಅವರು ಅಮೆರಿಕದ ಮೂಲನಿವಾಸಿಗಳು.

ಅಮೆರಿಕದ ಪಡುವಣ ಭಾಗದಲ್ಲಿ ಕ್ಲಾಮತ್ ಅಂತ ಒಂದು ಹೊಳೆ. ಆರೆಗನ್ ರಾಜ್ಯದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾ ಹಾಯ್ದು ಪೆಸಿಫಿಕ್ ಸಾಗರ ಸೇರುತ್ತದೆ. ಯುರೋಕ್, ಕರುಕ್, ಶಾಸ್ತಾ, ಕ್ಲಾಮತ್ ಮುಂತಾದ ಬುಡಕಟ್ಟುಗಳ ಬದುಕು ಆ ಹೊಳೆಯದು. ಸಾಲ್ಮನ್ ಮೀನೇ ಅವರ ಅನ್ನ, ಅದೇ ಅವರ ಹಬ್ಬ. ಈ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ತನ್ನ ಹುಟ್ಟಿದ ನೀರಿಗೇ ಬರುತ್ತದೆ. ಆ ದಾರಿಗೆ ಅಡ್ಡವಾಗಿ 1918ರಿಂದ 1960ರ ದಶಕದೊಳಗೆ ಒಂದಾದ ಮೇಲೊಂದು ನಾಲ್ಕು ಅಣೆಕಟ್ಟು ಎದ್ದವು. ಕೆಳಗಿನವುಗಳಲ್ಲಿ ಮೀನು ಹತ್ತಿ ಹೋಗಲು ದಾರಿಯನ್ನೇ ಬಿಡಲಿಲ್ಲ. ಶಾಸ್ತಾ ಜನರ ನೆಲವೂ ನೀರಿನಡಿ ಹೋಯಿತು. ಕಟ್ಟುವಾಗ ಆ ಜನರನ್ನು ಕೇಳಿದವರು ಯಾರು?

ಕಟ್ಟಿ ನಿಲ್ಲಿಸಿದ ನೀರು ಬೇಸಿಗೆಯಲ್ಲಿ ಕಾಯ್ದು, ಹಸಿರು ಪಾಚಿ ಎದ್ದು, ಅದರಿಂದ ವಿಷ ಹುಟ್ಟುತ್ತಿತ್ತು. ನೀರು ಮುಟ್ಟಬೇಡಿ ಅಂತ ದಂಡೆಯಲ್ಲಿ ಬೋರ್ಡು ಹಾಕಿದರು. 'ಮುಟ್ಟಬೇಡಿ' ಅನ್ನೋ ಮಾತು ನಮಗೆ ಚೆನ್ನಾಗಿ ಗೊತ್ತು. ಅಲ್ಲಿ ಹೊಳೆಯನ್ನೇ ಮೈಲಿಗೆ ಮಾಡಿಟ್ಟಿದ್ದರು. 2002ರ ಸೆಪ್ಟೆಂಬರಿನಲ್ಲಂತೂ ಮೇಲಿನ ಹೊಲಗಳಿಗೆ ನೀರು ತಿರುಗಿಸಿ ಹೊಳೆ ಸೊರಗಿತು, ಇದ್ದ ನೀರು ಬಿಸಿಯಾಯಿತು, ರೋಗ ಹಬ್ಬಿತು. 30 ಸಾವಿರಕ್ಕೂ ಹೆಚ್ಚು ಸಾಲ್ಮನ್ ಸತ್ತು ದಂಡೆಗೆ ಬಂದು ಬಿದ್ದವು.

ಆ ಹೆಣಗಳ ರಾಶಿ ಜನರನ್ನು ಎಬ್ಬಿಸಿತು. ಕಂಪನಿಯ ಒಡೆತನ ಆಗ ಸ್ಕಾಟ್ಲೆಂಡಿನವರ ಕೈಯಲ್ಲಿತ್ತು. 2004ರಲ್ಲಿ ಬುಡಕಟ್ಟಿನವರು ಕಡಲು ದಾಟಿ, ಷೇರುದಾರರ ಸಭೆ ನಡೆವ ಜಾಗಕ್ಕೇ ಹೋಗಿ ಕೂಗಿದರು. ಒಡೆಯರು ಬದಲಾದರು, ಇವರು ಹೊಸ ಒಡೆಯರ ಬಾಗಿಲಿಗೂ ಹೋದರು.

ಆದರೆ ಬರೀ ಕೂಗಿನಿಂದ ಕಟ್ಟೆ ಒಡೆಯಲಿಲ್ಲ, ಇದನ್ನು ನಾವು ಗಮನಿಸಬೇಕು. ಅಣೆಕಟ್ಟುಗಳಿಗೆ ಕೊಟ್ಟಿದ್ದು 50 ವರ್ಷದ ಲೈಸೆನ್ಸು. ಅದು 2006ರಲ್ಲಿ ಮುಗಿಯಿತು. ಮತ್ತೆ ಲೈಸೆನ್ಸು ಬೇಕಾದರೆ ಮೀನಿಗೆ ದಾರಿ ಕಟ್ಟಿಕೊಡಬೇಕು ಅಂತ ಕಾನೂನು ಹಿಡಿದು ಕೂತಿತು. ಲೆಕ್ಕ ಹಾಕಿದರೆ ಆ ಖರ್ಚಿಗಿಂತ ಕೆಡವುವುದೇ ಕಂಪನಿಗೆ ಅಗ್ಗ! ಈ ನಾಲ್ಕು ಅಣೆಕಟ್ಟುಗಳಿಂದ ಬರುತ್ತಿದ್ದ ಕರೆಂಟೋ, ಕಂಪನಿಯ ಒಟ್ಟು ಕರೆಂಟಿನಲ್ಲಿ ನೂರಕ್ಕೆ ಎರಡು ಪಾಲೂ ಇರಲಿಲ್ಲ. ಅವು ಹೊಲಕ್ಕೆ ನೀರು ಕೊಡುವ ಅಣೆಕಟ್ಟುಗಳೂ ಆಗಿರಲಿಲ್ಲ. ಬೀದಿಯಲ್ಲಿ ಕೂಗು, ಕೈಯಲ್ಲಿ ಕಾನೂನು, ಕಾಗದದ ಮೇಲೆ ಲೆಕ್ಕ, ಮೂರೂ ಒಟ್ಟಾದವು. 2022ರ ನವೆಂಬರಿನಲ್ಲಿ ಫೆಡರಲ್ ಇಂಧನ ಆಯೋಗ ಕೆಡವಲು ಒಪ್ಪಿತು. ಖರ್ಚು ಮಾತ್ರ ಕರೆಂಟ್ ಬಳಸುವವರ ಮೇಲೆ, ಕ್ಯಾಲಿಫೋರ್ನಿಯಾ ಸರ್ಕಾರದ ಮೇಲೆ ಬಿತ್ತು. ಬಂಡವಾಳಗಾರ ಹೋಗುವಾಗಲೂ ಬಿಲ್ಲನ್ನು ಪಕ್ಕದವನ ಕೈಗೆ ಕೊಟ್ಟೇ ಹೋಗುತ್ತಾನೆ.

2023ರಲ್ಲಿ ಮೊದಲನೆಯದು ಹೋಯಿತು. 2024ರ ಜನವರಿಯಲ್ಲಿ ಉಳಿದವುಗಳ ನೀರು ಬಿಟ್ಟರು. ವರ್ಷಗಟ್ಟಲೆ ಕೂತಿದ್ದ ಹೂಳು ಹರಿದು ಹೊಳೆ ರಾಡಿಯಾಯಿತು, ಮೀನುಗಳೂ ಸತ್ತವು. ನೋಡಿದಿರಾ, ಹಾಳಾಯ್ತು ಅಂದರು ವಿರೋಧಿಗಳು. ಬುಡಕಟ್ಟಿನವರು ಮಾತಾಡದೆ ಬಯಲಾದ ಕೆಸರು ನೆಲದಲ್ಲಿ ಕೋಟಿಗಟ್ಟಲೆ ನಾಡಬೀಜ ಚೆಲ್ಲಿದರು. ಶಾಸ್ತಾ ಜನರಿಗೆ 2,800 ಎಕರೆ ಹಿಂದಿರುಗಿಸುವುದಾಗಿ ಅದೇ ವರ್ಷ ಕ್ಯಾಲಿಫೋರ್ನಿಯಾ ಸರ್ಕಾರ ಹೇಳಿತು. ಅಕ್ಟೋಬರ್ ಹೊತ್ತಿಗೆ ಕೆಡವುವ ಕೆಲಸ ಮುಗಿಯಿತು. ಅದೇ ತಿಂಗಳು, ನೂರು ವರ್ಷಕ್ಕೂ ಮೇಲಾಗಿ ಕಾಣದಿದ್ದ ಸಾಲ್ಮನ್ ಆರೆಗನ್ನಿನ ನೀರಿಗೆ ಬಂದೇ ಬಂತು. ದಾರಿ ಹೇಳಿಕೊಡುವ ಹಿರಿಯ ಮೀನು ಒಂದೂ ಉಳಿದಿರಲಿಲ್ಲ. 2025ರ ಜುಲೈನಲ್ಲಿ ನಿಮ್ಮ ವಯಸ್ಸಿನ ಬುಡಕಟ್ಟು ಹುಡುಗ ಹುಡುಗಿಯರು ಸಣ್ಣ ದೋಣಿಗಳಲ್ಲಿ ಆ ಹೊಳೆಯುದ್ದಕ್ಕೂ ಹುಟ್ಟು ಹಾಕಿ ಕಡಲು ಮುಟ್ಟಿದರು. ಮೇಲೆ ಇನ್ನೂ ಎರಡು ಅಣೆಕಟ್ಟು ನಿಂತಿವೆ, ಕೆಲಸ ಉಳಿದಿದೆ. ಆದರೂ ಹೊಳೆ ಹರಿಯಿತು.

ಹಾಗಾದರೆ ನಾವು ಅಣೆಕಟ್ಟಿನ ವಿರೋಧಿಗಳೇ ಅಂತ ಕೇಳ್ತೀರಿ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ ಕಣಿವೆ, ಹಿರಾಕುಡ್ ಯೋಜನೆಗಳಿಗೆ ದುಡಿದವರು. ಬರಗಾಲ, ಪ್ರವಾಹದಲ್ಲಿ ಮೊದಲು ಸಾಯುವವನು ಬಡವ ಅಂತ ಅವರಿಗೆ ಗೊತ್ತಿತ್ತು. ಅಣೆಕಟ್ಟು ದೇವರೂ ಅಲ್ಲ, ದೆವ್ವವೂ ಅಲ್ಲ. ಅದೊಂದು ಸಲಕರಣೆ. ಕುಡುಗೋಲು ಸವೆದರೆ ಸಾಣೆ ಹಿಡಿಯುತ್ತೇವೆ, ತೀರ ಸವೆದರೆ ಬಿಸಾಡುತ್ತೇವೆ, ಪೂಜೆಗೆ ಇಡುವುದಿಲ್ಲ. 2024ರ ಆಗಸ್ಟಿನಲ್ಲಿ ನಮ್ಮ ತುಂಗಭದ್ರೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಗಭದ್ರೆ ಲಕ್ಷಾಂತರ ಹೊಲಗಳಿಗೆ ನೀರು ಕೊಡುವ ಅಣೆಕಟ್ಟು, ಅದನ್ನು ಕೆಡವಿ ಅಂತ ನಾವು ಹೇಳುತ್ತಿಲ್ಲ. ಅದಕ್ಕೂ ವಯಸ್ಸಾಗುತ್ತಿದೆ ಅಂತ ಹೇಳುತ್ತಿದ್ದೇವೆ. ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಕೆಡವಬೇಕು ಅಂತ ಕೂತು ತೀರ್ಮಾನಿಸುವಾಗ ಆ ಮೇಜಿನ ಸುತ್ತ ಇಂಜಿನಿಯರು, ಮಂತ್ರಿ, ದೊಡ್ಡ ಜಮೀನುದಾರರಷ್ಟೇ ಇದ್ದರೆ ಸಾಲದು. ನೆಲ ಮುಳುಗಿಸಿಕೊಂಡವರು, ನಾಲೆಯ ಕೊನೆಯಲ್ಲಿ ನೀರಿಗೆ ಕಾಯುವವರು, ಹೊಳೆಯ ಕೆಳಗಡೆ ಕೊಳಕು ನೀರು ಕುಡಿಯುವವರು, ಅವರಿಗೆ ಮೊದಲ ಮಾತು ಸಿಗಬೇಕು.

ರಜೆಗೆ ಊರಿಗೆ ಹೋದಾಗ ಕೇಳಿ ಬನ್ನಿ. ನಿಮ್ಮ ಕಡೆಯ ಅಣೆಕಟ್ಟು ಕಟ್ಟಿ ಎಷ್ಟು ವರ್ಷವಾಯಿತು? ಯಾರ ಕೇರಿ ಮುಳುಗಿತು, ಅವರಿಗೆ ನೆಲ ಸಿಕ್ಕಿತೇ? ಕೊನೇ ಮನೆಯ ಕೊಡಕ್ಕೆ ಬರುವ ನೀರು ಕುಡಿಯಲು ಯೋಗ್ಯವೇ? ಬರೆದು ತನ್ನಿ. ಮುಂದಿನ ಶಿಬಿರದಲ್ಲಿ ನೀವು ಮಾತಾಡಿ, ನಾವು ಕೂತು ಕೇಳುತ್ತೇವೆ.

ಜೈ ಭೀಮ್.