ಕೇಳುವುದಕ್ಕೆ ಸಂಕೋಚವೇಕೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ದೀಪಗಳೆಲ್ಲ ಆರಿಹೋದುವು. ಮೇಣದ ಬತ್ತಿ ಹಚ್ಚಿಟ್ಟುಕೊಂಡು ಕುಳಿತಿದ್ದೆವು. ಎಂಟು ವರ್ಷದ ಮಗಳು ಬತ್ತಿಯನ್ನು ಓರೆಯಾಗಿ ಹಿಡಿದು, “ಅಪ್ಪಾ, ಬತ್ತಿ ಬಗ್ಗಿದರೂ ಉರಿ ಮಾತ್ರ ನೆಟ್ಟಗೆ ಮೇಲಕ್ಕೇ ಹೋಗುತ್ತದಲ್ಲ, ಏಕೆ?” ಎಂದಳು. ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ನಾಚಿಕೆಯಾಯಿತು. “ಬೆಂಕಿಯೊಡನೆ ಆಟವೇನು? ಅಲ್ಲಿಡು!” ಎಂದು ಗದರಿಸಿಬಿಟ್ಟೆ. ಮಗು ಬತ್ತಿಯನ್ನು ಕೆಳಗಿಟ್ಟಿತು. ಆಮೇಲೆ ಎಷ್ಟೋ ದಿನ ನನ್ನನ್ನು ಏನನ್ನೂ ಕೇಳಲಿಲ್ಲ.

ಆ ಮೌನ ನನ್ನನ್ನು ಚುಚ್ಚಿತು. ಉತ್ತರ ಹುಡುಕುತ್ತ ಹೊರಟಾಗ ಕೈಗೆ ಸಿಕ್ಕಿದ್ದು, ವಿಜ್ಞಾನಿ ಮೈಕೇಲ್ ಫ್ಯಾರಡೆ ಮೇಣದ ಬತ್ತಿಯನ್ನು ಕುರಿತು ಮಕ್ಕಳಿಗಾಗಿ ಮಾಡಿದ ಉಪನ್ಯಾಸಗಳು. 1861ರಲ್ಲಿ ಪುಸ್ತಕವಾಗಿ ಬಂದುವು. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಈ ಪ್ರವಾಹವೇ ಉರಿಯನ್ನು ಮೇಲಕ್ಕೆಳೆಯುತ್ತದೆ. ಇಷ್ಟೇ!

ಹೀಗೆ ತಿಳಿಯಹೇಳಿದ ಫ್ಯಾರಡೆ ಕಲಿತದ್ದಾದರೂ ಹೇಗೆ? ಆತನು 1791ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ. ಎಳೆವಯಸ್ಸಿನಲ್ಲೇ ಲಂಡನ್ನಿನ ಬೈಂಡಿಂಗ್ ಅಂಗಡಿಯೊಂದಕ್ಕೆ ಸೇರಿ, ಬೈಂಡಿಗೆ ಬಂದ ಪುಸ್ತಕಗಳನ್ನೇ ಓದಿದನು. ಓದಿದ್ದನ್ನು ಸುಮ್ಮನೆ ನಂಬದೆ, ಕೈಲಾದಷ್ಟು ಪ್ರಯೋಗ ಮಾಡಿ ನೋಡಿದನು. 1812ರಲ್ಲಿ ಸರ್ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡು, ಚಿತ್ರ ಸೇರಿಸಿ, ತಾನೇ ಬೈಂಡು ಹಾಕಿ ಅವರಿಗೆ ಕಳುಹಿಸಿ ಕೆಲಸ ಕೇಳಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. 1831ರಲ್ಲಿ, ಅಯಸ್ಕಾಂತವನ್ನು ತಂತಿಸುರುಳಿಯೊಳಗೆ ಆಡಿಸಿದರೆ ವಿದ್ಯುತ್ತು ಹುಟ್ಟುವುದೆಂದು ತೋರಿಸಿದನು. ನಮಗೆ ವಿದ್ಯುತ್ತನ್ನೊದಗಿಸುವ ಜನರೇಟರುಗಳಿಗೆ ಅದೇ ತಳಹದಿ.

ಆತನಿಗೂ ಕೊರತೆಗಳಿದ್ದುವು. ಜ್ಞಾಪಕಶಕ್ತಿ ಸಾಲದು, ಆದುದರಿಂದ ಪ್ರತಿಯೊಂದು ಪ್ರಯೋಗವನ್ನೂ ಬರೆದಿಡುತ್ತಿದ್ದನು. ಆ ಬರಹದಲ್ಲಿ ಕ್ರಮಸಂಖ್ಯೆ ಹಾಕಿದ ಟಿಪ್ಪಣಿಗಳು 16,000ವನ್ನೂ ಮೀರಿವೆ. ಮೇಲ್ಮಟ್ಟದ ಗಣಿತವಂತೂ ಬಾರದು. 1857ರಲ್ಲಿ, ಅರವತ್ತಾರರ ಕೀರ್ತಿವಂತ ಫ್ಯಾರಡೆ, ಇಪ್ಪತ್ತಾರರ ತರುಣ ಜೇಮ್ಸ್ ಮ್ಯಾಕ್ಸ್‌ವೆಲ್ಲನಿಗೆ ಕಾಗದ ಬರೆದು, ಗಣಿತದಿಂದ ಕಂಡುಕೊಂಡ ನಿರ್ಣಯಗಳನ್ನು ನನ್ನಂಥವರಿಗೂ ತಿಳಿಯುವಂತೆ ಸಾಮಾನ್ಯ ಮಾತಿನಲ್ಲಿ ಹೇಳಬಾರದೇ ಎಂದು ಕೇಳಿದನು. ಮಗನ ವಯಸ್ಸಿನವನನ್ನು ಕೇಳುವುದು ಆತನಿಗೆ ಕೀಳೆನಿಸಲಿಲ್ಲ. ನನಗೋ, ಮಗಳ ಮುಂದೆ ತಿಳಿಯದೆನ್ನುವುದು ಕೀಳೆನಿಸಿತ್ತು!

ನಿಮ್ಮ ಮನೆಯಲ್ಲೂ ಇಂಥ ಸಂಜೆಗಳು ಬಂದಿರಬಹುದು. ಮಗು ಕೇಳಿದಾಗ ನಿಮಗೆ ಉತ್ತರ ತಿಳಿಯದಿದ್ದರೆ, “ತಿಳಿಯದು, ಇಬ್ಬರೂ ಸೇರಿ ನೋಡೋಣ” ಎನ್ನಿ. ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಲ್ಲವರು ಕಿರಿಯರಾದರೂ ಕೇಳಿ.

ಮಗಳನ್ನು ಕರೆದು, “ಅಂದು ನನಗೆ ಗೊತ್ತಿರಲಿಲ್ಲವಮ್ಮ, ಅದಕ್ಕೇ ಗದರಿದೆ” ಎಂದು ಒಪ್ಪಿಕೊಂಡೆ. ಮತ್ತೆ ಬತ್ತಿ ಹಚ್ಚಿ ತೋರಿಸಿದೆ. ಕಣ್ಣರಳಿಸಿ ನೋಡಿ, ಒಡನೆಯೇ ಕೇಳಿದಳು: “ಬುಡದಲ್ಲಿ ಉರಿ ನೀಲಿಯಾಗಿದೆಯಲ್ಲ, ಏಕಪ್ಪಾ?”

ಅದೂ ನನಗೆ ತಿಳಿಯದು. ಈ ಸಲ ಹಾಗೆಂದೇ ಹೇಳಿದೆ. ಇಬ್ಬರೂ ಪುಸ್ತಕ ತೆರೆದು ಕುಳಿತೆವು.